ರ‍್ಯಾಮ್ ವೇಗ ಇಳಿಸಿದ ಮೇಲೆ ಆಟ ಸರಾಗವಾಯಿತು: ನನ್ನ ಅನುಭವ

2023ರ ಮೇ ತಿಂಗಳಲ್ಲಿ ನನ್ನ ಗೇಮಿಂಗ್ ಕಂಪ್ಯೂಟರಿನ ರ‍್ಯಾಮ್ ವೇಗವನ್ನು (ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ದತ್ತಾಂಶ ಸಾಗಿಸುತ್ತದೆ ಎಂಬ ಅಂಕಿ) 3200ರಿಂದ 2933ಕ್ಕೆ ಇಳಿಸಿದ್ದೇನೆ ಎಂದಾಗ, ಕಲಬುರಗಿಯಲ್ಲಿ ಕಂಪ್ಯೂಟರ್ ಜೋಡಿಸುವ ನಮ್ಮ ಬಳಗದವರು ನಕ್ಕುಬಿಟ್ಟರು. “ಸ್ಪೀಡ್ ಕಡಿಮಿ ಮಾಡಿದ್ರ ಗೇಮ್ ಛಲೋ ಹ್ಯಾಂಗ್ ಓಡ್ತದ್ರೀ ಸರ್?” ಎಂದು ಒಬ್ಬರು ಕೇಳಿದರು. ಪೇಜ್ ಫೈಲನ್ನು (ಮೆಮೊರಿ ಸಾಲದಾಗ ವಿಂಡೋಸ್ ಡ್ರೈವಿನಲ್ಲಿ ಬಳಸುವ ಕಡತವನ್ನು) ಎಸ್‌ಎಸ್‌ಡಿಗೆ ತಂದಿದ್ದೇನೆ ಎಂದಾಗ, ಆರು ತಿಂಗಳಲ್ಲಿ ಆ ಎಸ್‌ಎಸ್‌ಡಿ ಸಾಯುತ್ತದೆ ಎಂದು ಇನ್ನೊಬ್ಬರು ಭವಿಷ್ಯವನ್ನೂ ನುಡಿದರು. ಆಮೇಲೆ ಒಂದು ಬೇಸಿಗೆ ಪೂರ್ತಿ ಕಳೆದಿದೆ. ಆಟ ನಿಲ್ಲುವುದಿಲ್ಲ, ಕ್ರ್ಯಾಶ್ ಆಗುವುದಿಲ್ಲ, ಎಸ್‌ಎಸ್‌ಡಿಯೂ ಬದುಕಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಬರೆದಿಡುತ್ತಿದ್ದೇನೆ.

ನನ್ನದು ರೈಜನ್ 5 3600, ಬಿ450 ಬೋರ್ಡ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್, ವಿಂಡೋಸ್ ಹಾಗೂ ಆಟಗಳಿಗಾಗಿ 500 ಜಿಬಿಯ ಎನ್‌ವಿಎಂಇ ಡ್ರೈವ್ (ವೇಗದ ಎಸ್‌ಎಸ್‌ಡಿ), ಹಳೆಯ ಕಡತಗಳಿಗಾಗಿ 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್. ಮೊದಲಿಗೆ 8 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಿದ್ದವು. ಹಗಲು ಇದೇ ಯಂತ್ರದಲ್ಲಿ ಡಿಟಿಪಿ ಕೆಲಸ, ಅಂದರೆ ಮದುವೆ ಪತ್ರಿಕೆ, ಕರಪತ್ರ, ಬ್ಯಾನರ್, ರಾತ್ರಿ ಆಟ. ಈ ಎರಡು ಬದುಕುಗಳು ಒಂದೇ ಪೆಟ್ಟಿಗೆಯಲ್ಲಿ ಇದ್ದದ್ದರಿಂದಲೇ ರೋಗ ಇಷ್ಟು ಜಟಿಲವಾಯಿತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಲಕ್ಷಣ ಹೀಗಿತ್ತು. ಫೋರ್ಝಾ ಹೊರೈಜನ್ 5 ಮೊದಲ ಹತ್ತು-ಹದಿನೈದು ನಿಮಿಷ ಬೆಣ್ಣೆಯಂತೆ ಓಡುತ್ತಿತ್ತು. ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಚಿತ್ರ ಮುಗ್ಗರಿಸುತ್ತಿತ್ತು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿ ಹಿಡಿದಿರುವಾಗಲೇ ಪರದೆ ತಟಸ್ಥವಾಗಿ, ಮತ್ತೆ ಕಣ್ಣಿಗೆ ಬೀಳುವಾಗ ಕಾರು ಪೊದೆಯೊಳಗೆ ಇರುತ್ತಿತ್ತು. ಸೆಕೆಂಡಿಗೆ ಮೂಡುವ ಸರಾಸರಿ ಫ್ರೇಮ್ ಮಾತ್ರ 78-79ರ ಆಸುಪಾಸಿನಲ್ಲೇ ನಿಂತಿರುತ್ತಿತ್ತು. ಸರಾಸರಿಯನ್ನು ನಂಬಿ ಕುಳಿತವರು ಕೆಟ್ಟರು ಎಂದು ಆಗ ಯಾರಾದರೂ ಹೇಳಿದ್ದರೆ ನನ್ನ ಒಂಬತ್ತು ಸಾವಿರ ರೂಪಾಯಿ ಉಳಿಯುತ್ತಿತ್ತು.

ಹಣ ಹೋದ ಬಗೆಯನ್ನು ಹೇಳಿಬಿಡುತ್ತೇನೆ. ಪವರ್ ಸಪ್ಲೈ ದುರ್ಬಲವಾಗಿದೆ ಎಂದು ಒಬ್ಬ ರಿಪೇರಿಯವರು ಪರಿಶೀಲಿಸದೆಯೇ ತೀರ್ಪು ಕೊಟ್ಟರು. 550 ವಾಟಿನ ಹೊಸದಕ್ಕೆ ಸುಮಾರು 4,300 ಹೋಯಿತು, ಫಲ ಸೊನ್ನೆ. ಗ್ರಾಫಿಕ್ಸ್ ಕಾರ್ಡಿನ ಪೇಸ್ಟ್ ಬದಲಾಯಿಸಲು 500. ಬಿಸಿ ಏಳೆಂಟು ಡಿಗ್ರಿ ಇಳಿಯಿತು, ಮುಗ್ಗರಿಸುವುದು ನಿಲ್ಲಲಿಲ್ಲ. ಎರಡು ಸಲ ಮನೆಗೆ ಕರೆಸಿದ್ದಕ್ಕೆ 600ರಂತೆ 1,200. ಕೊನೆಗೆ, 16 ಜಿಬಿ ಸಾಲದು, 32 ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆಯಂತೆ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ 8 ಜಿಬಿಯ ಇನ್ನೆರಡು ಬಳಸಿದ ಪಟ್ಟಿಗಳನ್ನು ಕೊರಿಯರ್ ಸೇರಿ 2,800ಕ್ಕೆ ತರಿಸಿದೆ. ಹಳೆಯವುಗಳಂತೆಯೇ 3200, ಸಿಎಲ್ 16 (ಉತ್ತರಿಸುವ ಮೊದಲು ಕಾಯುವ ಸುತ್ತುಗಳ ಅಂಕಿ) ಎಂದು ಚೀಟಿಯಲ್ಲಿತ್ತು. ಒಳಗಿನ ಚಿಪ್ಪುಗಳು ಮಾತ್ರ ಬೇರೆ ಕಂಪನಿಯವು.

ಈ ನಡುವೆ ಖರ್ಚಿಲ್ಲದ ಪ್ರಯೋಗಗಳನ್ನೂ ಮಾಡಿದ್ದೆ. ವಿಂಡೋಸ್ 11ಕ್ಕಾಗಿ ಎಫ್‌ಟಿಪಿಎಂ ಎಂಬ ಭದ್ರತಾ ಸೌಲಭ್ಯವನ್ನು ಆನ್ ಮಾಡಿದ ರೈಜನ್ ಯಂತ್ರಗಳಲ್ಲಿ ಆಗಾಗ ಕ್ಷಣಕಾಲದ ತಡೆ ಉಂಟಾಗಬಹುದು ಎಂದು ಎಎಂಡಿ 2022ರ ಮಾರ್ಚ್‌ನಲ್ಲಿ ತಾನೇ ಹೇಳಿತ್ತು. ಅದಕ್ಕೆ ಪರಿಹಾರವಿರುವ 1.2.0.7 ಅಜೆಸಾದ (ಎಎಂಡಿ ಕೊಡುವ ಮೂಲ ಕೋಡ್) ಬಯಾಸ್, ಅಂದರೆ ಬೋರ್ಡಿನ ಒಳಗಿನ ಸಾಫ್ಟ್‌ವೇರ್, ಹಾಕಿದೆ. ನನ್ನ ರೋಗ ಅದಾಗಿರಲಿಲ್ಲ. ಡಿಡಿಯು ಎಂಬ ಪ್ರೋಗ್ರಾಂ ಬಳಸಿ ಗ್ರಾಫಿಕ್ಸ್ ಡ್ರೈವರ್ ಕಿತ್ತು ಮತ್ತೆ ಹಾಕಿದೆ. ರ‍್ಯಾಮಿನ ಚಿನ್ನದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಟೆಕ್ಸ್‌ಚರ್ ಒಂದು ಮೆಟ್ಟಿಲು ಇಳಿಸಿದಾಗ 6 ಜಿಬಿಯ ವಿ-ರ‍್ಯಾಮ್ (ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ) ತುಂಬಿ ತುಳುಕುವುದು ತಪ್ಪಿ, ಸಣ್ಣಪುಟ್ಟ ನಡುಕಗಳು ಹೋದದ್ದು ನಿಜ. ಅದನ್ನು ಇಂದಿಗೂ ಹಾಗೆಯೇ ಇಟ್ಟುಕೊಂಡಿದ್ದೇನೆ.

32 ಜಿಬಿ ಹಾಕಿದ ಮೇಲೆ ಸ್ಥಿತಿ ವಿಚಿತ್ರವಾಯಿತು. ಮುಗ್ಗರಿಸುವುದು ಅಪರೂಪವಾಯಿತು, ಆದರೆ ಒಮ್ಮೆ ನಿಂತರೆ ನಾಲ್ಕೈದು ಸೆಕೆಂಡು ನಿಲ್ಲತೊಡಗಿತು. ಅದರ ಜೊತೆಗೆ ಹಿಂದೆಂದೂ ಇರದ ಕ್ರ್ಯಾಶ್ ಶುರುವಾಯಿತು: ಆಟ ಒಂದು ಮಾತೂ ಹೇಳದೆ ಮುಚ್ಚಿಹೋಗುವುದು, ಬ್ರೌಸರಿನ ಟ್ಯಾಬ್ ಸಾಯುವುದು, ವಾರಕ್ಕೊಮ್ಮೆ ನೀಲಿ ಪರದೆ. ಒಂದು ಮಧ್ಯಾಹ್ನ ಮದುವೆ ಪತ್ರಿಕೆಯ ಕಡತಗಳನ್ನು ಜಿಪ್ ಮಾಡಿ ಪ್ರೆಸ್ಸಿಗೆ ಕಳಿಸಿದರೆ, ಅಲ್ಲಿ ಬಿಚ್ಚುವಾಗ ಸಿಆರ್‌ಸಿ ದೋಷ (ಕಡತ ಕೆಟ್ಟಿದೆ ಎಂಬ ಸೂಚನೆ) ಬಂತು. ಮತ್ತೆ ಜಿಪ್ ಮಾಡಿ ಕಳಿಸಿದೆ, ಮತ್ತೆ ದೋಷ, ಆದರೆ ಈ ಸಲ ಬೇರೆ ಕಡತದಲ್ಲಿ. ಮುಹೂರ್ತದ ಗಡಿಬಿಡಿಯಲ್ಲಿದ್ದ ಗಿರಾಕಿ ಬೇರೆ ಕಡೆ ಹೋದರು. 1,200 ರೂಪಾಯಿಯ ಕೆಲಸ ತಪ್ಪಿತು. ಆಟ ಕೆಟ್ಟರೆ ಸಹಿಸಬಹುದು, ವರನ ಹೆಸರು ಕೆಟ್ಟರೆ ಸಹಿಸಲಾಗದು.

ನನ್ನ ದೊಡ್ಡ ತಪ್ಪು ಇಲ್ಲಿದೆ. ನಿಲ್ಲುವುದು ಮತ್ತು ಕ್ರ್ಯಾಶ್ ಆಗುವುದು ಎರಡೂ ಒಂದೇ ರೋಗ ಎಂದು ಸುಮಾರು ಎರಡು ತಿಂಗಳು ತಿಳಿದುಕೊಂಡಿದ್ದೆ. ಅವು ಎರಡು ಬೇರೆ ರೋಗಗಳಾಗಿದ್ದವು. ಎರಡನೆಯದನ್ನು, ಮೊದಲನೆಯದಕ್ಕೆ ಔಷಧ ಎಂದು ನಾನೇ ದುಡ್ಡು ಕೊಟ್ಟು ತಂದಿದ್ದೆ.

ಮೊದಲನೆಯದು ಸಿಕ್ಕಿದ್ದು ಕರೆಂಟ್ ಹೋದಾಗ. ಏಪ್ರಿಲ್ ಕೊನೆಯ ಒಂದು ರಾತ್ರಿ ವಿದ್ಯುತ್ ಹೋಗಿ ಸೀಲಿಂಗ್ ಫ್ಯಾನ್ ನಿಂತಿತು. ಕಂಪ್ಯೂಟರ್ ಮಾತ್ರ ತನ್ನ ಪುಟ್ಟ ಯುಪಿಎಸ್ ಮೇಲೆ ಏಳೆಂಟು ನಿಮಿಷ ಉಳಿಯುತ್ತದೆ. ಸೆಕೆಗೆ ಹೆಡ್‌ಫೋನ್ ಕಳಚಿಟ್ಟು, ರೇಸ್ ಮುಗಿಸಿಬಿಡೋಣ ಎಂದು ಓಡಿಸುತ್ತಿದ್ದೆ. ಕೋಣೆ ನಿಶ್ಶಬ್ದವಾಗಿತ್ತು. ಚಿತ್ರ ನಿಂತಿತು, ಆ ಕ್ಷಣಕ್ಕೇ ಪೆಟ್ಟಿಗೆಯ ಕೆಳಭಾಗದಿಂದ “ಟಕ್” ಎಂಬ ಸಣ್ಣ ಸದ್ದು, ಅದರ ಹಿಂದೆಯೇ ಬಾವಿಯ ಗಡಗಡೆ ತಿರುಗತೊಡಗಿದಂತೆ ಏರುವ ಒಂದು ಸ್ವರ. ಸ್ವರ ಸಮವಾದೊಡನೆ ಕಾರು ಚಲಿಸಿತು. ಹಾರ್ಡ್ ಡಿಸ್ಕ್ ನಿದ್ದೆಯಿಂದ ಏಳುತ್ತಿತ್ತು. ಆಟವಿರುವುದು ಎನ್‌ವಿಎಂಇಯಲ್ಲಿ, ಹಾಗಾದರೆ ಆಟದ ನಡುವೆ ಈ ಡಿಸ್ಕನ್ನು ಎಬ್ಬಿಸುತ್ತಿರುವವರು ಯಾರು?

ಎಬ್ಬಿಸುತ್ತಿದ್ದವನು ನಾನೇ. 2021ರಲ್ಲಿ ಯಾವುದೋ ವಿಡಿಯೊ ನೋಡಿ, ಎಸ್‌ಎಸ್‌ಡಿಯ ಆಯುಷ್ಯ ಉಳಿಸುವ ಸಲುವಾಗಿ ಪೇಜ್ ಫೈಲನ್ನು ಡಿ ಡ್ರೈವಿಗೆ, ಅಂದರೆ ಆ ಹಾರ್ಡ್ ಡಿಸ್ಕಿಗೆ, ಸಾಗಿಸಿ ಮರೆತುಬಿಟ್ಟಿದ್ದೆ. 16 ಜಿಬಿ ಇದ್ದಾಗ ಕೋರೆಲ್‌ಡ್ರಾ, ಇಪ್ಪತ್ತು ಟ್ಯಾಬಿನ ಬ್ರೌಸರ್, ಡಿಸ್ಕಾರ್ಡ್ ಎಲ್ಲವನ್ನೂ ತೆರೆದಿಟ್ಟೇ ಆಟಕ್ಕೆ ಕೂರುತ್ತಿದ್ದುದರಿಂದ ಪೇಜ್ ಫೈಲಿಗೆ ನಿರಂತರ ಓಡಾಟವಿತ್ತು; ಡಿಸ್ಕ್ ಎಚ್ಚರವಾಗಿಯೇ ಇದ್ದು ಪದೇಪದೇ ಚಿಕ್ಕದಾಗಿ ತಡೆಯುತ್ತಿತ್ತು. 32 ಜಿಬಿ ಆದ ಮೇಲೆ ಓಡಾಟ ಕಡಿಮೆಯಾಯಿತು. ವಿಂಡೋಸಿನ ಬ್ಯಾಲೆನ್ಸ್ಡ್ ಪವರ್ ಪ್ಲಾನ್ 20 ನಿಮಿಷ ಕೆಲಸವಿಲ್ಲದ ಹಾರ್ಡ್ ಡಿಸ್ಕನ್ನು ಮಲಗಿಸುತ್ತದೆ. ಹೀಗಾಗಿ ಅಪರೂಪಕ್ಕೆ ಬೇಕಾದಾಗ ಅದು ತಟ್ಟೆ ತಿರುಗಿಸಿ ಏಳುವವರೆಗೆ ಎಲ್ಲರೂ ಕಾಯಬೇಕಾಗುತ್ತಿತ್ತು. ರ‍್ಯಾಮ್ ಹೆಚ್ಚಿಸಿದ್ದಕ್ಕೇ ತಡೆ ಉದ್ದವಾಗಿತ್ತು.

ಮರುದಿನ ಪೇಜ್ ಫೈಲನ್ನು ಸಿ ಡ್ರೈವಿಗೆ ತಂದು, ಗಾತ್ರವನ್ನು ವಿಂಡೋಸಿಗೇ ಬಿಟ್ಟೆ. ಅದಕ್ಕೂ ಮೊದಲು, 32 ಜಿಬಿ ಇರುವಾಗ ಪೇಜ್ ಫೈಲೇ ಏಕೆ ಎಂದು ಪೂರ್ತಿ ತೆಗೆದು ನೋಡಿದ್ದೂ ಉಂಟು, ಹಾಗೆಯೇ ಇನ್ನೊಮ್ಮೆ ಎರಡೇ ಪಟ್ಟಿ ಹಾಕಿ 16ರಲ್ಲಿ. ಎರಡನೆಯ ಪ್ರಯೋಗ ನೋಡತಕ್ಕದ್ದಾಗಿತ್ತು: ಟಾಸ್ಕ್ ಮ್ಯಾನೇಜರ್ ಇನ್ನೂ 4 ಜಿಬಿಗೂ ಹೆಚ್ಚು ಖಾಲಿ ಇದೆ ಎನ್ನುತ್ತಿರುವಾಗಲೇ ಮೆಮೊರಿ ಸಾಲದು ಎಂದು ಆಟ ಸತ್ತಿತು. ಕಮಿಟೆಡ್ ಎಂಬ ಸಾಲು 15.9ರ ಮಿತಿಯಲ್ಲಿ 15.7 ಮುಗಿದಿದೆ ಎಂದು ತೋರಿಸುತ್ತಿತ್ತು. ಪ್ರೋಗ್ರಾಂಗಳು ಕಾದಿರಿಸಿ ಬಳಸದೆ ಬಿಟ್ಟ ಜಾಗಕ್ಕೂ ವಿಂಡೋಸ್ ಲೆಕ್ಕ ಕೊಡಬೇಕಾದ್ದರಿಂದ ಹೀಗಾಗುತ್ತದೆ. ಪೇಜ್ ಫೈಲ್ ಇದ್ದರೆ ಆ ಲೆಕ್ಕದ ಮಿತಿ ಏರುತ್ತದೆ, ಅದಕ್ಕೆ ಒಂದಕ್ಷರ ಬರೆಯದಿದ್ದರೂ ಸರಿ.

ಎಸ್‌ಎಸ್‌ಡಿ ಸಾಯುತ್ತದೆ ಎಂದವರಿಗಾಗಿ ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಅಂಕಿ ಇಟ್ಟುಕೊಂಡಿದ್ದೇನೆ. ಡ್ರೈವಿಗೆ ಕಂಪನಿ ಕೊಟ್ಟಿರುವ ಬರಹದ ಮಿತಿ 300 ಟಿಬಿ. ಪೇಜ್ ಫೈಲ್ ತಂದ ದಿನ 19 ಟಿಬಿಯಷ್ಟಾಗಿತ್ತು. ಒಂದು ವರ್ಷದ ಮೇಲೆ 27ರ ಹತ್ತಿರ. ಈ ಲೆಕ್ಕದಲ್ಲಿ ಡ್ರೈವ್ ಸಾಯುವ ಮೊದಲು ನನ್ನ ಕಣ್ಣಿಗೆ ಪೊರೆ ಬರುತ್ತದೆ.

ಇನ್ನು ಕ್ರ್ಯಾಶ್. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿನಿಂದ ರಾತ್ರಿಯಿಡೀ ಓಡಿಸಿದೆ. ನಾಲ್ಕು ಸುತ್ತು, ತಪ್ಪು ಸೊನ್ನೆ. ವಿಂಡೋಸಿನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರಿನಲ್ಲಿಯೂ ವ್ಹೀಯಾ (ಯಂತ್ರಾಂಶ ದೋಷದ) ದೂರುಗಳಿರಲಿಲ್ಲ. ಇಸಿಸಿ (ತಪ್ಪು ಹಿಡಿಯುವ ವ್ಯವಸ್ಥೆ) ಇಲ್ಲದ ರ‍್ಯಾಮ್ ತಾನು ತಪ್ಪಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬುದು ಗೊತ್ತಿದ್ದೂ ಆ ಖಾಲಿ ಪುಟವನ್ನು ನೋಡಿ ಸಮಾಧಾನಪಟ್ಟೆ. ಆದರೆ ಕ್ರ್ಯಾಶ್ ಆದ ದಿನ-ವೇಳೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದಿದ್ದೆ; ಹದಿನಾಲ್ಕರಲ್ಲಿ ಹನ್ನೊಂದು ಮಧ್ಯಾಹ್ನ ಒಂದರಿಂದ ಐದರ ನಡುವೆ ಇದ್ದವು. ನಮ್ಮ ಊರಿನ ಮೇ ತಿಂಗಳನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ನನ್ನ ಕೋಣೆ ಮೇಲಂತಸ್ತಿನಲ್ಲಿದೆ, ತಲೆಯ ಮೇಲೆ ಬರೀ ಸ್ಲ್ಯಾಬ್. ಹೊರಗೆ 42 ಇದ್ದರೆ ಒಳಗೆ 37-38.

ಮೆಮ್‌ಟೆಸ್ಟ್86 ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕುಳಿತಿರುತ್ತದೆ. ಆಟದಲ್ಲಿ ಅದರ ಬಿಸಿಗಾಳಿ ನೇರ ರ‍್ಯಾಮ್ ಪಟ್ಟಿಗಳ ಮೇಲೆ ಹೋಗುತ್ತದೆ. ಆದ್ದರಿಂದ ಪರೀಕ್ಷೆಯನ್ನೇ ತಿರುಗಿಸಿದೆ. ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿ ಮುಚ್ಚಿ, ಒಂದು ಕಡೆ ಫರ್‌ಮಾರ್ಕ್ ಓಡಿಸಿ ಕಾರ್ಡನ್ನು ಕಾಯಿಸುತ್ತ, ಇನ್ನೊಂದು ಕಡೆ ವಿಂಡೋಸಿನೊಳಗೇ ಟೆಸ್ಟ್‌ಮೆಮ್5 ಎಂಬ ಮೆಮೊರಿ ಪರೀಕ್ಷೆ ಹಚ್ಚಿದೆ. ಮಲ್ಟಿಮೀಟರಿನ ತಾಪದ ತಂತಿಯನ್ನು ನಡುವಿನ ಪಟ್ಟಿಗೆ ಟೇಪಿನಿಂದ ಅಂಟಿಸಿದ್ದೆ. ಅಂಕಿ 54 ದಾಟಿದ ಮೇಲೆ ಮೊದಲ ತಪ್ಪು ಬಿತ್ತು. 59ಕ್ಕೆ ಏರುವಷ್ಟರಲ್ಲಿ ಒಂಬತ್ತು ತಪ್ಪು. ಅದೇ ಯಂತ್ರ, ಅದೇ ಸೆಟ್ಟಿಂಗ್, ರಾತ್ರಿ ಒಂದೂ ಇಲ್ಲ.

ಬಳಸಿದ ಮಾಲು ಕೆಟ್ಟದ್ದೇ ಎಂದು ಅಂಗಡಿಯವರಿಗೆ ಫೋನಿನಲ್ಲಿ ಜಗಳ ತೆಗೆದೆ. ಆಮೇಲೆ ಅವರಿಂದ ತರಿಸಿದ ಜೋಡಿಯನ್ನಷ್ಟೇ ಹಾಕಿ ಅದೇ ಬಿಸಿಲಿನ ಪರೀಕ್ಷೆ ಮಾಡಿದರೆ ತಪ್ಪಿಲ್ಲ. ನನ್ನ ಹಳೆಯ ಜೋಡಿಯನ್ನಷ್ಟೇ ಹಾಕಿದರೂ ತಪ್ಪಿಲ್ಲ. ನಾಲ್ಕೂ ಸೇರಿದರೆ ಮಾತ್ರ ತಪ್ಪು. ಅಂಗಡಿಯವರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಚೀಟಿಯಲ್ಲಿ 3200 ಎಂದಿರುವುದು ಪಟ್ಟಿಯ ಮಾತು. ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿನ ಮಾತು ಬೇರೆ. ರೈಜನ್ 3000 ಸರಣಿಗೆ ಎಎಂಡಿ ಕೊಟ್ಟ ಕೋಷ್ಟಕದಲ್ಲಿ ಎರಡು ಪಟ್ಟಿಗಳಿಗೆ 3200 ಎಂದಿದೆ; ಸಿಂಗಲ್ ರ‍್ಯಾಂಕಿನ ನಾಲ್ಕಿದ್ದರೆ (ಪಟ್ಟಿಯಲ್ಲಿ ಚಿಪ್ಪುಗಳ ಒಂದೇ ಗುಂಪು) 2933, ಡ್ಯುಯಲ್ ರ‍್ಯಾಂಕಿನ ನಾಲ್ಕಿದ್ದರೆ 2667. ನಾಲ್ಕು ಹಾಕಿ ಎಕ್ಸ್‌ಎಂಪಿ (ಪಟ್ಟಿಯ ಘೋಷಿತ ವೇಗವನ್ನು ಹಚ್ಚುವ ಬಯಾಸ್ ಆಯ್ಕೆ) ಒತ್ತಿ ಮಲಗುವ ನಾವೆಲ್ಲರೂ ಗೊತ್ತಿಲ್ಲದೆಯೇ ಓವರ್‌ಕ್ಲಾಕ್ ಮಾಡುತ್ತಿರುತ್ತೇವೆ, ಅಂದರೆ ಮಿತಿ ಮೀರಿದ ವೇಗದಲ್ಲಿ ಓಡಿಸುತ್ತಿರುತ್ತೇವೆ. ಚಳಿಗಾಲದಲ್ಲಿ ಅದು ನಡೆಯುತ್ತದೆ.

2933ಕ್ಕೆ ಇಳಿಸಿದೆ, ವೋಲ್ಟೇಜ್ 1.35ರಲ್ಲೇ ಬಿಟ್ಟೆ, ಎರಡು ಗಂಟೆಯ ಬಿಸಿಲು ಪರೀಕ್ಷೆಯಲ್ಲಿ ತಪ್ಪು ಬೀಳಲಿಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಕಳೆದುಕೊಂಡ ವೇಗವನ್ನು ಟೈಮಿಂಗ್‌ನಲ್ಲಿ ಮರಳಿ ಪಡೆಯುವ ಆಸೆ ಹುಟ್ಟಿತು. ಸಿಎಲ್ 15 ಹಾಕಿದೆ. ಈ ಅಂಕಿಗಳನ್ನು ಓದುವ ಝೆನ್‌ಟೈಮಿಂಗ್ಸ್ ಪ್ರೋಗ್ರಾಂ 16 ಎಂದೇ ತೋರಿಸಿತು. ಬಯಾಸಿನ ಗಿಯರ್ ಡೌನ್ ಮೋಡ್ ಎಂಬ ಆಯ್ಕೆ ಆನ್ ಇದ್ದರೆ ಬೆಸ ಸಂಖ್ಯೆ ಮೇಲಿನ ಸಮಸಂಖ್ಯೆಗೆ ಏರುತ್ತದೆ ಎಂಬುದನ್ನು ನೆನಪಿಸಿಕೊಳ್ಳಲು ಒಂದು ಸಂಜೆ ಹಿಡಿಯಿತು. ಅದನ್ನು ಆಫ್ ಮಾಡಿ, ಕಮಾಂಡ್ ರೇಟ್ 2ಟಿ ಕೊಟ್ಟ ಮೇಲೆ 15 ನಿಂತಿತು. 3200ರ ಸಿಎಲ್ 16 ಅಂದರೆ 10 ನ್ಯಾನೊಸೆಕೆಂಡ್. 2933ರ ಸಿಎಲ್ 15 ಅಂದರೆ 10.2. ನಷ್ಟ ಎಂದು ಕರೆಯಲೂ ನಾಚಿಕೆಯಾಗುವಷ್ಟು ಕಡಿಮೆ. ಟಿಆರ್‌ಎಫ್‌ಸಿ ಎಂಬ ಇನ್ನೊಂದು ಟೈಮಿಂಗ್ ಎಷ್ಟಿಟ್ಟೆ, ಯಾವ ಜೋಡಿಯನ್ನು ಯಾವ ಸ್ಲಾಟಿಗೆ ಹಾಕಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಹನ್ನೆರಡು ಮಧ್ಯಾಹ್ನ ಬೆವರು ಸುರಿಸಿದ್ದೇನೆ, ಮತ್ತು ಈಗ ಅದರಿಂದ ನನಗೆ ಅಷ್ಟಿಷ್ಟು ಗಿರಾಕಿಗಳೂ ಬರುತ್ತಿದ್ದಾರೆ.

ಕೊನೆಗೆ 180 ರೂಪಾಯಿಯ ಒಂದು 80 ಮಿಲಿಮೀಟರ್ ಫ್ಯಾನನ್ನು ಎರಡು ಕೇಬಲ್ ಟೈಗಳಿಂದ ರ‍್ಯಾಮ್ ಪಟ್ಟಿಗಳ ಮೇಲೆ ಓರೆಯಾಗಿ ಕಟ್ಟಿದೆ. ನೋಡಲು ಕುರೂಪ, ಆದರೆ ಪಟ್ಟಿಯ ಬಿಸಿ 59ರಿಂದ 46ಕ್ಕೆ ಬಂತು. ಹುಮ್ಮಸ್ಸಿನಲ್ಲಿ ಫ್ಯಾನಿನೊಂದಿಗೆ ಮತ್ತೆ 3200ಕ್ಕೆ ಏರಿಸಿ ನೋಡಿದೆ. ಒಂದೂವರೆ ಗಂಟೆಗೆ ಎರಡು ತಪ್ಪು. ಕಡತ ಕೊಟ್ಟು ಹಣ ತೆಗೆದುಕೊಳ್ಳುವವನಿಗೆ ಎರಡು ತಪ್ಪೂ ಹೆಚ್ಚು. ಹಿಂದಕ್ಕೆ ಬಂದೆ.

ನೆನಪಿನಿಂದ ಹೇಳುವ ಅಂಕಿಗಳಿವು: ಆಟದ ಸ್ವಂತ ಬೆಂಚ್‌ಮಾರ್ಕಿನಲ್ಲಿ ಸರಾಸರಿ 79 ಇದ್ದದ್ದು 77 ಆಯಿತು, ಫ್ರೇಮ್ ಅಳೆಯುವ ಕ್ಯಾಪ್‌ಫ್ರೇಮ್‌ಎಕ್ಸ್ ಹಚ್ಚಿ ಒಂದು ಗಂಟೆ ಆಡಿದಾಗ ಶೇಕಡ 1ರ ಕನಿಷ್ಠ ಮಟ್ಟ (ಅತಿ ನಿಧಾನದ ಫ್ರೇಮ್‌ಗಳ ವೇಗ) 40ರ ಆಸುಪಾಸಿನಿಂದ 60 ದಾಟಿತು. ನಕ್ಕ ಬಳಗದವರಿಗೆ ಈ ಎರಡನೆಯ ಅಂಕಿಯನ್ನೇ ತೋರಿಸಿದೆ. ಮುಂದಿನ ವಾರ ಅವರಲ್ಲೊಬ್ಬರು ತಮ್ಮ ಯಂತ್ರವನ್ನು ಆಟೋದಲ್ಲಿ ಹೊತ್ತು ತಂದರು. ಅದರಲ್ಲಿ ನಾಲ್ಕು ಪಟ್ಟಿಗಳಿರಲಿಲ್ಲ, ಪೇಜ್ ಫೈಲೂ ಸಿ ಡ್ರೈವಿನಲ್ಲೇ ಇತ್ತು; ಆದರೆ ಆಟದ ವಿಡಿಯೊ ರೆಕಾರ್ಡಿಂಗ್ ಹೋಗುವ ಫೋಲ್ಡರ್ ಹಾರ್ಡ್ ಡಿಸ್ಕಿನಲ್ಲಿತ್ತು. ಪವರ್ ಪ್ಲಾನ್ ತೆರೆದು, ಡಿಸ್ಕ್ ಮಲಗುವ ಸಮಯವನ್ನು 20ರಿಂದ ಸೊನ್ನೆ (ಅಂದರೆ ಎಂದೂ ಮಲಗದಂತೆ) ಮಾಡಿ, ಚಹಾ ಬರುವ ಮೊದಲೇ ಯಂತ್ರ ಮರಳಿಸಿದೆ. ನನಗೆ ಬೇಡವಾಗಿದ್ದ ಆ 550 ವಾಟಿನ ಪವರ್ ಸಪ್ಲೈಯನ್ನೂ ಮೂರು ಸಾವಿರಕ್ಕೆ ಅವರೇ ತೆಗೆದುಕೊಂಡರು.