ಪೊರೆ ಬಂದ ಕಣ್ಣಿಗೆ ಫೀಲ್ಡ್ ಟೆಸ್ಟ್ ಮಾಡಿಸುವುದು ಹೇಗೆ?

ಕಣ್ಣಿನ ನರ ಹಾಳಾಗುತ್ತಾ ಹೋಗುವ ಗ್ಲಾಕೊಮಾ ಇರುವವರಿಗೆ, ಇರಬಹುದೆಂಬ ಅನುಮಾನ ಇರುವವರಿಗೆ ಡಾಕ್ಟರು ಫೀಲ್ಡ್ ಟೆಸ್ಟ್ ಬರೆದುಕೊಡುತ್ತಾರೆ. ನೋಟ ಒಂದೇ ಕಡೆ ನೆಟ್ಟಾಗ ಸುತ್ತಲಿನದು ಎಷ್ಟು ಕಾಣುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ವಯಸ್ಸಾದವರಲ್ಲಿ ಅದೇ ಕಣ್ಣಿಗೆ ಪೊರೆಯೂ ಬಂದಿರುವುದು ಸಾಮಾನ್ಯ. ಪೊರೆ ಬೆಳಕನ್ನು ತಡೆಯುತ್ತದೆ, ಚದುರಿಸುತ್ತದೆ. ಹಾಗಾಗಿ ರಿಪೋರ್ಟು ಕಪ್ಪಗೆ ಬರುತ್ತದೆ. ಅದನ್ನು ಕಂಡು ನರವೇ ಹೋಯಿತೆಂದು ಮನೆಯವರು ಕಂಗಾಲಾಗುತ್ತಾರೆ. ಇಲ್ಲವೇ ‘ಪೊರೆ ತಾನೇ, ಆಪರೇಷನ್ ಆದ್ರೆ ಸರಿಹೋಗುತ್ತೆ’ ಎಂದು ಸುಮ್ಮನಾಗುತ್ತಾರೆ. ಎರಡನೆಯದೇ ಹೆಚ್ಚು ಅಪಾಯ. ಗ್ಲಾಕೊಮಾದಲ್ಲಿ ಹೋದ ನೋಟ ಮತ್ತೆ ಬರುವುದಿಲ್ಲ.

1. ಬೆಳಗಿನ ಹೊತ್ತು ಕೇಳಿ ಪಡೆಯಿರಿ. ಯಲಹಂಕದಿಂದ ಚಾಮರಾಜಪೇಟೆಗೆ ಬಸ್ಸು ಬದಲಿಸಿ ಬಂದ ಹಿರಿಯರನ್ನು ಬಂದ ಕೂಡಲೇ ಮೆಷಿನ್ನಿನ ಮುಂದೆ ಕೂರಿಸಬಾರದು. ಅರ್ಧ ಗಂಟೆ ಸುಧಾರಿಸಿಕೊಳ್ಳಲಿ. ಇದು ರಕ್ತ ಪರೀಕ್ಷೆಯಲ್ಲ, ತಿಂಡಿ ತಿಂದು, ದಿನದ ಮಾತ್ರೆ ತೆಗೆದುಕೊಂಡೇ ಬನ್ನಿ.

2. ಪಾಪೆ ಹಿಗ್ಗಿಸುವ (ಡೈಲೇಟ್ ಮಾಡುವ) ಡ್ರಾಪ್ಸ್ ಆಮೇಲೆ. ಫೀಲ್ಡ್ ಮೊದಲು, ಡ್ರಾಪ್ಸ್ ನಂತರ. ಪಾಪೆ 3 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ಮಾತ್ರ ಲೆಕ್ಕ ಬೇರೆ. ಚಿಕ್ಕ ಪಾಪೆ, ಅದರ ಹಿಂದೆ ಪೊರೆ ಎಂದರೆ ಒಳಗೆ ಬೆಳಕೇ ಸಾಲದು. ಅಂಥವರಿಗೆ ಹಿಗ್ಗಿಸಿಯೇ ಟೆಸ್ಟ್ ಮಾಡಬೇಕು, ಮುಂದಿನ ಸಲವೂ ಹಿಗ್ಗಿಸಿಯೇ ಮಾಡಬೇಕು. ಒಮ್ಮೆ ಹಾಗೆ, ಒಮ್ಮೆ ಹೀಗೆ ಮಾಡಿದರೆ ಎರಡು ರಿಪೋರ್ಟು ಹೋಲಿಸಲು ಬರುವುದಿಲ್ಲ.

3. ಟೆಸ್ಟಿಗೆ ಕಣ್ಣಿನ ಮುಂದೆ ಇಡುವ ಲೆನ್ಸ್. ಅತಿ ಹೆಚ್ಚು ಟೆಸ್ಟುಗಳು ಕೆಡುವುದು ಇಲ್ಲೇ. ಸಾಮಾನ್ಯವಾಗಿ ಬಳಸುವ ಹಂಫ್ರಿ ಮೆಷಿನ್ನಿನಲ್ಲಿ ಬೆಳಕು ಮಿಂಚುವ ಬಟ್ಟಲು ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಷ್ಟು ಹತ್ತಿರದ್ದು ಸ್ಪಷ್ಟವಾಗಿ ಕಾಣಲು ಅರವತ್ತು ದಾಟಿದವರಿಗೆ ದೂರದ ನಂಬರಿಗೆ +3.25 ಸೇರಿಸಬೇಕು. ದೂರದ ನಂಬರ್ +1.00 ಇದ್ದರೆ +4.25 ಲೆನ್ಸ್, -2.00 ಇದ್ದರೆ +1.25, -3.25 ಇದ್ದರೆ ಲೆನ್ಸೇ ಬೇಡ. ಲೆಕ್ಕ ಸುಲಭ, ಆದರೆ ಕೈಗೆ ಸಿಗುವ ನಂಬರ್ ಹಳೆಯದಾಗಿರುತ್ತದೆ. ಪೊರೆ ಕಣ್ಣಿನೊಳಗಿನ ಲೆನ್ಸಿನ ನಡುಭಾಗದಲ್ಲಿ ಗಟ್ಟಿಯಾಗುತ್ತಾ ಹೋದಂತೆ ನಂಬರ್ ಮೈನಸ್ ಕಡೆಗೆ ಜಾರುತ್ತದೆ. ‘ಅಪ್ಪನಿಗೆ ಈಗ ಪೇಪರ್ ಓದೋಕೆ ಕನ್ನಡಕವೇ ಬೇಡ’ ಎಂದು ಮನೆಯವರು ಖುಷಿಪಡುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಎರಡು ವರ್ಷದ ಹಿಂದಿನ ಕನ್ನಡಕದ ಚೀಟಿ ನೋಡಿ ಲೆನ್ಸ್ ಹಾಕಿದರೆ ನಡುಭಾಗವೆಲ್ಲ ಮಸುಕು. ಒಂದು ನಂಬರ್ ವ್ಯತ್ಯಾಸವಾದರೂ ಅಂಕ ಒಂದು ಡೆಸಿಬೆಲ್‌ಗಿಂತ ತುಸು ಹೆಚ್ಚೇ ಇಳಿಯುತ್ತದೆ (ಎಷ್ಟು ಮಂಕು ಬೆಳಕು ಕಾಣುತ್ತದೆ ಎಂದು ಈ ಟೆಸ್ಟ್ ಅಳೆಯುವುದು ಡೆಸಿಬೆಲ್‌ನಲ್ಲಿ), ಅದೂ ಪೊರೆ ಕಡಿಮೆ ಮಾಡಿದ್ದರ ಮೇಲೆ. ಹಾಗಾಗಿ ಅದೇ ದಿನ ನಂಬರ್ ತೆಗೆಸಿ. ‘ಈಗ ತಾನೇ ತೆಗೆಸಿದ್ದೀವಿ’ ಎಂದು ಹೇಳಿ ಆ ಹಂತ ದಾಟಿಸಬೇಡಿ.

ಹಾಕಿಕೊಂಡು ಬಂದ ಬೈಫೋಕಲ್, ಪ್ರೊಗ್ರೆಸಿವ್ ಕನ್ನಡಕದಲ್ಲೇ ಟೆಸ್ಟ್ ಬೇಡವೇ ಬೇಡ. ತೆಳು ಅಂಚಿನ ಟ್ರಯಲ್ ಲೆನ್ಸ್ ಇರಬೇಕು, ಕಣ್ಣಿಗೆ ಆದಷ್ಟು ಹತ್ತಿರ ಇರಬೇಕು, ರೆಪ್ಪೆಗೂದಲು ಮಾತ್ರ ತಾಗಬಾರದು. ಲೆನ್ಸ್ ದೂರ ಸರಿದರೆ ಅದರ ಅಂಚೇ ಬೆಳಕಿಗೆ ಅಡ್ಡ ಬಂದು, ರಿಪೋರ್ಟಿನ ಹೊರ ಸಾಲಿನಲ್ಲಿ ಕಪ್ಪು ಬಳೆ ಮೂಡುತ್ತದೆ. ಅದು ರೋಗವಲ್ಲ. ಉಸಿರಿಗೆ ಲೆನ್ಸ್ ಮಂಜಾದರೆ ನಿಲ್ಲಿಸಿ ಒರೆಸಿ.

ಈ ನಡುವೆ ಪೊರೆ ಕರಗಿಸುತ್ತದೆ ಎಂದು ಮಾರುವ ಡ್ರಾಪ್ಸ್ ಹಾಕಿಕೊಂಡು, ಅಷ್ಟರಲ್ಲಿ ಸರಿಹೋಗುತ್ತದೆಂದು ಟೆಸ್ಟನ್ನು ಮುಂದೂಡುವವರಿದ್ದಾರೆ. ಬಂದ ಪೊರೆಯನ್ನು ಕರಗಿಸುವುದಾಗಿ ಸಾಬೀತಾದ ಡ್ರಾಪ್ಸ್ ಯಾವುದೂ ಇಲ್ಲ. ಕಣ್ಣಿಗೆ ಜೇನುತುಪ್ಪ ಬಿಡುವುದಂತೂ ಬೇಡ. ಮೊಬೈಲಿನಲ್ಲಿ ಚುಕ್ಕಿ ಒತ್ತುವ ಆ್ಯಪ್‌ಗಳನ್ನು ಈ ಟೆಸ್ಟಿಗೆ ಬದಲಿಯೆಂದು ಎಣಿಸಬೇಡಿ.

4. ಕೂರಿಸುವುದು. ಸ್ಟೂಲು, ಟೇಬಲ್ಲು ಎರಡೂ ಎತ್ತರಕ್ಕೆ ಹೊಂದಬೇಕು. ಗಲ್ಲ ಆನಬೇಕು, ಹಣೆ ಪಟ್ಟಿಗೆ ಒತ್ತಿರಬೇಕು. ಮೇಲಿನ ರೆಪ್ಪೆ ಜೋತಿದ್ದರೆ ಕಾಗದದ ಟೇಪಿನಿಂದ ಎತ್ತಿ ಕಟ್ಟಿ, ಕಣ್ಣು ಮಿಟುಕಿಸಲು ಆಗುತ್ತದೆಯೇ ನೋಡಿ. ಕಟ್ಟದಿದ್ದರೆ ಮೇಲ್ಭಾಗ ಸುಮ್ಮನೆ ಕಪ್ಪಾಗುತ್ತದೆ. ಇನ್ನೊಂದು ಕಣ್ಣಿಗೆ ಬೆಳ್ಳನೆ ಅರೆಪಾರದರ್ಶಕ ಮುಚ್ಚಳವೇ ಒಳ್ಳೆಯದು.

5. ಹೇಳಿಕೊಡುವುದು. ಮನೆಯಲ್ಲಿ ಯಾವ ಮಾತು ಆಡುತ್ತಾರೋ ಅದರಲ್ಲೇ ಹೇಳಬೇಕು. ಬೆಂಗಳೂರಿನಲ್ಲಿ ಅದು ಕನ್ನಡವೋ ತೆಲುಗೋ ತಮಿಳೋ ಉರ್ದುವೋ ಇರಬಹುದು. ಟೆಕ್ನಿಷಿಯನ್ನಿಗೆ ಬಾರದಿದ್ದರೆ ಜೊತೆಗೆ ಬಂದ ಮಗನೋ ಸೊಸೆಯೋ ಹೇಳಲಿ. ಹೇಳಬೇಕಾದ್ದು ಇಷ್ಟು: ‘ಅಮ್ಮಾ, ಮಧ್ಯದ ಹಳದಿ ದೀಪವನ್ನೇ ನೋಡ್ತಾ ಇರಿ. ಪಕ್ಕದಲ್ಲಿ ಎಲ್ಲಾದ್ರೂ ಬೆಳಕು ಮಿಂಚಿದ್ರೆ ಬಟನ್ ಒತ್ತಿ, ಅದನ್ನ ಹುಡುಕೋಕೆ ಹೋಗಬೇಡಿ. ಮಿಂಚೋ ಬೆಳಕಿನಲ್ಲಿ ಎಷ್ಟೋ ಕಾಣಿಸೋದೇ ಇಲ್ಲ, ಅದು ಮೆಷಿನ್ ಇರೋದೇ ಹಾಗೆ. ಸುಸ್ತಾದ್ರೆ ಬಟನ್ ಒತ್ತಿ ಹಿಡ್ಕೊಳ್ಳಿ, ಟೆಸ್ಟ್ ನಿಲ್ಲುತ್ತೆ.’

ಕೊನೆಯ ಎರಡು ಮಾತುಗಳನ್ನೇ ಹೆಚ್ಚಿನವರು ಬಿಡುತ್ತಾರೆ. ಸರಿಸುಮಾರು ಅರ್ಧದಷ್ಟು ಬೆಳಕು ಸರಿಯಾದ ಕಣ್ಣಿಗೂ ಕಾಣದಂತೆ ಮೆಷಿನ್ ಮಂಕಾಗಿಸುತ್ತಾ ಹೋಗುತ್ತದೆ, ಕಣ್ಣಿನ ಮಿತಿ ಎಲ್ಲಿದೆ ಎಂದು ಅದು ಹುಡುಕುವುದೇ ಹಾಗೆ. ಪೊರೆ ಬಂದವರು ಮೊದಲೇ ಅಳುಕಿರುತ್ತಾರೆ. ಇದು ಗೊತ್ತಿಲ್ಲದಿದ್ದರೆ ಏನೂ ಕಾಣದ ಕ್ಷಣಗಳಲ್ಲಿ ಹೆದರಿ ಸುಮ್ಮನೆ ಬಟನ್ ಒತ್ತತೊಡಗುತ್ತಾರೆ. ಹಾಗೆ ಒತ್ತಿದ್ದು ಫಾಲ್ಸ್ ಪಾಸಿಟಿವ್ ಎಂದು ದಾಖಲಾಗುತ್ತದೆ. ಅದು 15 ಪರ್ಸೆಂಟ್ ದಾಟಿದರೆ ಆ ರಿಪೋರ್ಟು ಬದಿಗಿಟ್ಟು ಇನ್ನೊಮ್ಮೆ ಮಾಡಿಸಿ.

6. ಟೆಸ್ಟ್. 24-2 ಎಂಬ ಮಾದರಿಯಲ್ಲಿ 54 ಬಿಂದುಗಳನ್ನು ಅಳೆಯುತ್ತಾರೆ, ಒಂದೊಂದು ಕಣ್ಣಿಗೆ ಕೆಲವೇ ನಿಮಿಷ. ಟೆಕ್ನಿಷಿಯನ್ ಪಕ್ಕದಲ್ಲೇ ಇರಬೇಕು. ಹಳದಿ ಹಿನ್ನೆಲೆಯಲ್ಲಿ ನೀಲಿ ಬೆಳಕು ತೋರಿಸುವ ನೀಲಿ-ಹಳದಿ ಟೆಸ್ಟ್ ಮಾತ್ರ ಪೊರೆ ಇರುವವರಿಗೆ ಬೇಡ: ಪೊರೆಯಿಂದ ಹಳದಿಯಾದ ಕಣ್ಣಿನ ಲೆನ್ಸ್ ನೀಲಿ ಬೆಳಕನ್ನೇ ಹೀರಿಕೊಳ್ಳುತ್ತದೆ.

ಚಾರ್ಟಿನ ದೊಡ್ಡ ಅಕ್ಷರವೂ ಕಾಣದಷ್ಟು ಪೊರೆ ದಟ್ಟವಾಗಿದ್ದರೆ ಈ ಮೆಷಿನ್ನಿಂದ ಉಪಯೋಗವಿಲ್ಲ. ಆಗ ಡಾಕ್ಟರು ಟಾರ್ಚ್ ಬೆಳಕನ್ನು ನಾಲ್ಕು ದಿಕ್ಕಿನಿಂದ ಬಿಟ್ಟು ಎಲ್ಲಿಂದ ಬರುತ್ತಿದೆ ಎಂದು ಕೇಳುತ್ತಾರೆ, ಎರಡೂ ಪಾಪೆ ಕುಗ್ಗುವುದನ್ನು ಹೋಲಿಸಿ ನೋಡುತ್ತಾರೆ. ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಮಂದವಾಗಿ ಸ್ಪಂದಿಸಿದರೆ ಪೊರೆಯನ್ನು ದೂರಬಾರದು, ನರವನ್ನು ನೋಡಬೇಕು.

7. ರಿಪೋರ್ಟು. ಬೂದು ಬಣ್ಣದ ಚಿತ್ರ ನೋಡಿ ಏನನ್ನೂ ತೀರ್ಮಾನಿಸಬೇಡಿ. ಕೆಳಗೆ ಟೋಟಲ್ ಡೀವಿಯೇಷನ್ (ಅದೇ ವಯಸ್ಸಿನ ಸರಿಯಾದ ಕಣ್ಣಿಗಿಂತ ಎಷ್ಟು ಕಡಿಮೆ), ಪ್ಯಾಟರ್ನ್ ಡೀವಿಯೇಷನ್ (ಒಟ್ಟಾರೆ ಮಂಕನ್ನು ಕಳೆದ ಮೇಲೆ ಉಳಿಯುವ ಕಲೆ) ಎಂಬ ಎರಡು ನಕ್ಷೆ ಇರುತ್ತವೆ. ಮೊದಲನೆಯದರಲ್ಲಿ ಇಡೀ ಕಣ್ಣು ಮಂಕಾಗಿದ್ದು ಎರಡನೆಯದು ಬಹುಪಾಲು ಶುಭ್ರವಾಗಿದ್ದರೆ ಕೈ ಪೊರೆಯತ್ತ ತೋರುತ್ತದೆ. ಎರಡನೆಯದರಲ್ಲೂ ಮೂಗಿನ ಕಡೆ, ಅಡ್ಡಗೆರೆಯ ಮೇಲೋ ಕೆಳಗೋ ಕಮಾನಿನಂಥ ಕಲೆ ಉಳಿದಿದ್ದರೆ ಗ್ಲಾಕೊಮಾ ಇದ್ದೀತು. ಆದರೆ ಗ್ಲಾಕೊಮಾ ತೀರಾ ಮುಂದುವರಿದಿದ್ದರೂ ಇಡೀ ಕಣ್ಣು ಒಟ್ಟಿಗೆ ಮಂಕಾಗಿ ಎರಡನೆಯ ನಕ್ಷೆ ಸುಳ್ಳೇ ಶುಭ್ರವಾಗಿ ಕಾಣಬಹುದು. ಹಾಗಾಗಿ ಡಾಕ್ಟರು ಕಣ್ಣಿನ ನರವನ್ನು ಕಣ್ಣಾರೆ ನೋಡದೆ ಕೊಟ್ಟ ತೀರ್ಪಿಗೆ ಒಪ್ಪಬೇಡಿ.

8. ಆಪರೇಷನ್ ಆದ ಮೇಲೆ. ಉರಿಯೂತ ಇಳಿದು ನಂಬರ್ ನಿಂತ ಮೇಲೆ, ಅಂದರೆ ಸಾಮಾನ್ಯವಾಗಿ 4ರಿಂದ 6 ವಾರಕ್ಕೆ, ಹೊಸದಾಗಿ ಫೀಲ್ಡ್ ಮಾಡಿಸಿ. ಒಂದಲ್ಲ, ಎರಡು ಟೆಸ್ಟ್. ಒಳಗೆ ಕೂರಿಸಿದ ಲೆನ್ಸ್ ತಾನಾಗಿ ಹತ್ತಿರಕ್ಕೆ ಹೊಂದಿಕೊಳ್ಳದು, ವಯಸ್ಸು ಎಷ್ಟೇ ಇರಲಿ ಪೂರ್ತಿ +3.25 ಸೇರಿಸಬೇಕು. ಒಟ್ಟಾರೆ ಅಂಕ ಮೇಲೇರುತ್ತದೆ. ಆದರೆ ಪೊರೆ ಮರೆಮಾಡಿದ್ದ ಕಲೆ ಈಗ ಎದ್ದು ಕಂಡು ನೋಟದ ಏರುಪೇರು ಅಳೆಯುವ ಪಿಎಸ್‌ಡಿ ಎಂಬ ಅಂಕ ಹೆಚ್ಚಲೂಬಹುದು, ಅದನ್ನು ರೋಗ ಉಲ್ಬಣಿಸಿದೆ ಎಂದು ಓದಬಾರದು. ಮುಂದಿನ ವರ್ಷಗಳ ಹೋಲಿಕೆಗೆ ಈ ಎರಡೇ ಆಧಾರ. ಆಪರೇಷನ್ನಿನ ತಾರೀಖು, ಪಾಪೆಯ ಅಳತೆ, ಟೆಸ್ಟಿಗೆ ಹಾಕಿದ ಲೆನ್ಸಿನ ಪವರ್ ಮೂರನ್ನೂ ಆ ರಿಪೋರ್ಟಿನ ಮೇಲೆಯೇ ಪೆನ್ನಿನಲ್ಲಿ ಬರೆಸಿ, ಹಳೆಯವನ್ನು ಫೈಲಿನಲ್ಲಿ ಅದರ ಕೆಳಗಿಡಿ.