ವಿಎಚ್‌ಎಫ್ ಕೇಳಿಸುತ್ತಿತ್ತು, ನಮ್ಮ ದನಿ ಹೋಗುತ್ತಿರಲಿಲ್ಲ
ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಆಗಸ್ಟ್ 1ಕ್ಕೆ ಮುನ್ನ ಗೋವಾದ ಮಾಲಿಂ ಜೆಟ್ಟಿಯಲ್ಲಿ ಟ್ರಾಲರಿನ ಸುರಕ್ಷತಾ ಸಾಮಗ್ರಿ ನೋಡುವಾಗ ಕೈಕೊಟ್ಟದ್ದು ವಿಎಚ್‌ಎಫ್, ಅಂದರೆ ದೋಣಿಗಳು ಪರಸ್ಪರ ಮಾತನಾಡುವ ರೇಡಿಯೊ. ಪಕ್ಕದ ದೋಣಿಗೆ ಕೇಳಿಸುತ್ತಿತ್ತು. ಮಾಂಡವಿಯ ಅಳಿವೆ ದಾಟಿದವರಿಗೆ ಪೂರ್ಣ ಶಕ್ತಿಯ 25 ವ್ಯಾಟ್‌ನಲ್ಲೂ ಬರೀ ಕರಕರ. ಬ್ಯಾಟರಿ, ಫ್ಯೂಸ್ ಬದಲಿಸಿದೆ. ಕಾರವಾರದ ಹುಡುಗರಿಂದ ಮೈಕ್ ಎರವಲು ತಂದೆ. ಎಲ್ಲವೂ ದಂಡ.

ಕೊನೆಗೆ ಆಂಟೆನಾ ಬುಡದ ಕನೆಕ್ಟರ್ ಬಿಚ್ಚಿದರೆ, ಕೇಬಲ್ ಒಳಗಿನ ತಾಮ್ರದ ತಂತಿಯ ಹೆಣಿಗೆ ಹಸಿರು ಕಿಲುಬಾಗಿ ಪುಡಿಪುಡಿ ಉದುರಿತು. ತಾಮ್ರ ಹೊಳೆಯುವವರೆಗೆ, ಸುಮಾರು ಒಂದು ಗೇಣು, ಕೇಬಲ್ ಕತ್ತರಿಸಿದೆ. ಹೊಸ ಪಿಎಲ್-259 ಕನೆಕ್ಟರ್ ಬೆಸೆದೆ. ಎರಡೂ ತುದಿ ಬಿಚ್ಚಿಟ್ಟುಕೊಂಡೇ ನಡುತಂತಿಗೂ ಹೆಣಿಗೆಗೂ ತಾಗಿಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಬೇಕು. ಆಂಟೆನಾ ಸೇರಿಸಿ ನೋಡಿದರೆ ಮೀಟರ್ ದಾರಿ ತಪ್ಪಿಸಬಹುದು. ಆಮೇಲೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಮೇಲಿನಿಂದ ಸುತ್ತಿದರೆ ಮಡಿಕೆಯಲ್ಲಿ ನೀರು ನಿಲ್ಲುತ್ತದೆ.

3 ದಾಟಿದ್ದ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ಮರಳುತ್ತದೆಂಬುದರ ಅಳತೆ; ಕಡಿಮೆಯಿದ್ದಷ್ಟೂ ಒಳ್ಳೆಯದು) 1.4ಕ್ಕೆ ಇಳಿಯಿತು. ಮಾತನಾಡಿ ಪರೀಕ್ಷಿಸಲು ಬೇರೆ ಚಾನೆಲ್ ಬಳಸಿ. 16 ಆಪತ್ತಿನ ಕರೆಗೆ.