ಎಂಡೊಮೆಟ್ರಿಯೋಸಿಸ್ ನೋವಿದ್ದ ರಾತ್ರಿ ನಾನು ಹೇಗೆ ಮಲಗುತ್ತೇನೆ

ನನಗೆ ಎಂಡೊಮೆಟ್ರಿಯೋಸಿಸ್ ಇದೆ, ಜೊತೆಗೆ ಎಡಗಡೆ ಅಂಡಾಶಯದಲ್ಲಿ ಒಂದು ಚಾಕಲೇಟ್ ಸಿಸ್ಟ್, ಅಂದರೆ ಹಳೇ ರಕ್ತ ತುಂಬಿಕೊಂಡ ಗುಳ್ಳೆ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗಡೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದಿದೆ. ಆದರೂ "ಮುಟ್ಟಿನ ನೋವು ಯಾರಿಗಿಲ್ಲ, ಮದುವೆ ಆದ್ರೆ ಸರಿಹೋಗುತ್ತೆ" ಅನ್ನುವವರೇ ಜಾಸ್ತಿ. ಆ ಪುರಾಣ ಬಿಡಿ, ನಿದ್ದೆಯ ವಿಷಯಕ್ಕೆ ಬರುತ್ತೇನೆ.

ಎಲ್ಲರೂ ಮೊದಲು ಹೇಳುವುದು, ಎಡಮಗ್ಗುಲಿಗೆ ಮಲಗು ಅಂತ. ನನ್ನ ನೋವು ಇರುವುದೇ ಎಡಗಡೆ. ಆ ಮಗ್ಗುಲಿಗೆ ಮಲಗಿದರೆ ಸ್ವಲ್ಪ ಹೊತ್ತಿಗೇ ತೊಡೆಯವರೆಗೂ ಸೆಳೆತ ಶುರುವಾಗುತ್ತದೆ. ನನಗೆ ಬಲಮಗ್ಗುಲೇ ವಾಸಿ. ಹೊಟ್ಟೆ ಉಬ್ಬರ ಇದ್ದ ದಿನ ಮಾತ್ರ ಎಡಕ್ಕೆ ತಿರುಗಿದರೆ ಹಗುರ ಅನ್ನಿಸುತ್ತದೆ. ನಿಮ್ಮದು ಬೇರೆಯೇ ಇರಬಹುದು. ಯಾವ ಮಗ್ಗುಲು ಅನ್ನುವುದಕ್ಕಿಂತ ಮಂಡಿ ಮಡಚಿದೆಯಾ, ಕಾಲಿಗೆ ಆಸರೆ ಇದೆಯಾ ಅನ್ನುವುದೇ ಮುಖ್ಯ.

ಕಾಲು ನೀಡಿ ಅಂಗಾತ ಮಲಗಿದರೆ ಕಿಬ್ಬೊಟ್ಟೆ ಬಿಗಿಯುತ್ತದೆ, ಸೊಂಟ ಹಾಸಿಗೆಗೆ ತಾಗದೆ ಮೇಲೇ ನಿಲ್ಲುತ್ತದೆ. ಮಂಡಿ ಮಡಚಿದರೆ ಎರಡೂ ಸಡಿಲವಾಗುತ್ತವೆ. ನೋವು ಬಂದಾಗ ಯಾರೂ ಹೇಳಿಕೊಡದೇ ಮುದುಡಿಕೊಳ್ಳುತ್ತೀವಲ್ವಾ, ಅದಕ್ಕೇ. ಆದರೆ ಮಂಡಿಯನ್ನು ಎದೆಗೆ ತಾಗಿಸಿಕೊಂಡು ರಾತ್ರಿಯಿಡೀ ಮಲಗಿದರೆ ಬೆಳಿಗ್ಗೆ ಸೊಂಟ ಹಿಡಿದುಕೊಂಡಿರುತ್ತದೆ. ಅರ್ಧ ಮಡಚಿದರೆ ಸಾಕು, ಕುರ್ಚಿಯಲ್ಲಿ ಕೂತಷ್ಟು.

ಈಗ ದಿಂಬಿನ ಮಾತು. ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ ಅಂತ ಹೇಳುತ್ತಾರೆ, ಎಲ್ಲಿಂದ ಎಲ್ಲಿವರೆಗೆ ಅಂತ ಹೇಳುವುದಿಲ್ಲ. ಮಂಡಿಯ ನಡುವೆ ಮಾತ್ರ ಇಟ್ಟರೆ ಮೇಲಿನ ಪಾದ ಕೆಳಗೆ ಇಳಿಬೀಳುತ್ತದೆ, ಅದರ ಜೊತೆ ಸೊಂಟವೂ ತಿರುಚಿಕೊಳ್ಳುತ್ತದೆ. ದಿಂಬು ತೊಡೆಯಿಂದ ಹರಡಿನವರೆಗೂ ಬರಬೇಕು. ಎತ್ತರ ಎಷ್ಟಿರಬೇಕು ಅಂದರೆ ಮೇಲಿನ ಕಾಲು ಸೊಂಟದ ಮಟ್ಟದಲ್ಲೇ ನಿಲ್ಲಬೇಕು. ಹತ್ತಿ ದಿಂಬು ಹಳೆಯದಾದರೆ ಮಧ್ಯದಲ್ಲಿ ಚಪ್ಪಟೆಯಾಗಿ ಉಪಯೋಗಕ್ಕೆ ಬರುವುದಿಲ್ಲ. ನಾನು ಅಮ್ಮನ ಎರಡು ಹಳೇ ಕಾಟನ್ ಸೀರೆಗಳನ್ನು ಉದ್ದಕ್ಕೆ ಮಡಚಿ, ಬಿಗಿಯಾಗಿ ಸುತ್ತಿ, ಮೇಲೆ ಗವಸು ಹಾಕಿಕೊಂಡಿದ್ದೇನೆ. ದುಬಾರಿ ಪ್ರೆಗ್ನೆನ್ಸಿ ಪಿಲ್ಲೋ ಬೇಕಾಗಲೇ ಇಲ್ಲ. ಮಗ್ಗುಲಾದಾಗ ಸೊಂಟಕ್ಕೂ ಹಾಸಿಗೆಗೂ ನಡುವೆ ಸಂದು ಉಳಿಯುತ್ತದೆ, ಅಲ್ಲಿಗೆ ಮಡಚಿದ ಟವೆಲ್ ಒಂದು. ಅಪ್ಪಿಕೊಳ್ಳಲು ಇನ್ನೊಂದು ದಿಂಬು ಇದ್ದರೆ ಹೊಟ್ಟೆ ಮುಂದಕ್ಕೆ ಜೋತುಬೀಳುವುದಿಲ್ಲ.

ಬೆನ್ನು ಜಾಸ್ತಿ ನೋಯುವ ದಿನ ಅಂಗಾತವೇ ಮಲಗುತ್ತೇನೆ, ಮಂಡಿ ಕೆಳಗೆ ಅದೇ ಸೀರೆ ಸುರುಳಿ ಇಟ್ಟು. ಬೋರಲು ನನಗೆ ಆಗಿಬರುವುದಿಲ್ಲ.

ಇಷ್ಟೆಲ್ಲ ಜೋಡಿಸಿಕೊಂಡರೂ ನಿಜವಾದ ಕಷ್ಟ ಮಗ್ಗುಲು ಬದಲಿಸುವಾಗ. ನಿದ್ದೆಗಣ್ಣಲ್ಲಿ ಸರಕ್ಕನೆ ಹೊರಳಿದರೆ ಒಳಗೆ ಚುಚ್ಚಿದಂತಾಗಿ ಎಚ್ಚರವಾಗಿಬಿಡುತ್ತದೆ. ಹಾಗಾಗಿ ದಿಂಬನ್ನು ಮಂಡಿಯಲ್ಲಿ ಒತ್ತಿ ಹಿಡಿದು, ಉಸಿರು ಬಿಡುತ್ತಾ, ಭುಜ ಸೊಂಟ ಎರಡನ್ನೂ ಒಟ್ಟಿಗೆ ತಿರುಗಿಸುತ್ತೇನೆ. ಏಳುವಾಗಲೂ ಅಷ್ಟೇ. ಮಗ್ಗುಲಾಗಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಕೈಯೂರಿ ಏಳುತ್ತೇನೆ. ಹೊಟ್ಟೆಗೆ ಬಲ ಬೀಳುವುದಿಲ್ಲ. ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್) ಆದಮೇಲೂ ಹೀಗೇ ಏಳಲು ಹೇಳುತ್ತಾರೆ.

ಬಿಸಿನೀರಿನ ಚೀಲ ನನ್ನ ಪ್ರಾಣಸ್ನೇಹಿತ. ಕುದಿಯುವ ನೀರು ಹಾಕುವುದಿಲ್ಲ, ಟವೆಲ್ ಸುತ್ತದೇ ಮೈಗೆ ತಾಗಿಸುವುದಿಲ್ಲ, ನಿದ್ದೆ ಬರುವ ಮೊದಲೇ ತೆಗೆದಿಡುತ್ತೇನೆ. ಬಿಸಿ ದಿನಾ ಒಂದೇ ಜಾಗಕ್ಕೆ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಬೀಳುತ್ತದೆ. ಮಗ್ಗುಲಾಗಿ ಮಲಗಿದಾಗ ಚೀಲ ಹೊಟ್ಟೆಗಿಂತ ಬೆನ್ನಿನ ಕೆಳಭಾಗಕ್ಕೆ ಚೆನ್ನಾಗಿ ಕೂರುತ್ತದೆ. ಡಾಕ್ಟರ್ ಬರೆದುಕೊಟ್ಟ ನೋವಿನ ಮಾತ್ರೆಯನ್ನು ಊಟ ಮಾಡಿ, ನೋವು ಏರುವ ಮೊದಲೇ ತಗೊಳ್ಳುತ್ತೇನೆ. ನೋವು ತಲೆಗೇರಿದ ಮೇಲೆ ನುಂಗಿದರೆ ಅದು ಕೆಲಸ ಶುರುಮಾಡುವವರೆಗೂ ಯಾವ ಭಂಗಿಯೂ ಹಿತವಾಗುವುದಿಲ್ಲ. ಇನ್ನು ಲಂಗದ ಲಾಡಿ, ಪೈಜಾಮದ ಎಲಾಸ್ಟಿಕ್ ಎರಡೂ ಬೇಡ. ಸಡಿಲ ನೈಟಿಯೇ ಸರಿ.

ಕೆಲವು ಮನೆಗಳಲ್ಲಿ ಮುಟ್ಟಾದ ದಿನ ಇವತ್ತಿಗೂ ಹೊರಗೆ ಚಾಪೆ ಮೇಲೆ ಮಲಗಿಸುತ್ತಾರೆ. ಬರೀ ಚಾಪೆಯಲ್ಲಿ ಸೊಂಟದ ಮೂಳೆ ನೆಲಕ್ಕೆ ಒತ್ತಿ ಮಗ್ಗುಲಾಗಲು ಆಗುವುದೇ ಇಲ್ಲ. ಆ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಜಗಳವೇ ಆಗುತ್ತದೆ. ತಕ್ಷಣಕ್ಕೆ ತಪ್ಪಿಸಿಕೊಳ್ಳಲು ಆಗದವರು ಚಾಪೆ ಮೇಲೆ ಎರಡು ಕೌದಿ ಹಾಸಿಕೊಳ್ಳಿ, ಒಗೆದರಾಯಿತು.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಒಂದೇ ಕಡೆ ಸಹಿಸಲಾಗದ ನೋವು, ವಾಂತಿ, ಜ್ವರ, ತಲೆಸುತ್ತು ಬಂದರೆ ದಿಂಬು ಜೋಡಿಸುತ್ತಾ ಕೂರಬೇಡಿ. ಸಿಸ್ಟ್ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಪ್ರಯಾಣದಲ್ಲಿ ಸೀರೆ ಸುರುಳಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ರಾತ್ರಿ ರೈಲಿಗೆ ಲೋವರ್ ಬರ್ತ್ ಕೇಳುತ್ತೇನೆ. ಹತ್ತಿ ಇಳಿಯುವ ಕಾಟವಿಲ್ಲ, ಟಾಯ್ಲೆಟ್ಟಿಗೆ ಹೋಗುವುದೂ ಸುಲಭ. ಬಟ್ಟೆಯ ಬ್ಯಾಗನ್ನೇ ಮಂಡಿ ನಡುವೆ ಸಿಕ್ಕಿಸಿಕೊಂಡು ಮಲಗಿದರೆ ಕಾಲಿಗೂ ಆಸರೆ, ಬ್ಯಾಗಿಗೂ ಕಾವಲು.